ಆಪರೇಷನ್ನಿಗೆ ಮುಂಚೆ ಒಂದು ಲೋಟ ನೀರು

ಪಿತ್ತಕೋಶದಲ್ಲಿ ಕಲ್ಲು. ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತುಗಳನ್ನಷ್ಟೇ ಮಾಡುವ ಆಪರೇಷನ್, ಮಾಡಿ ಪಿತ್ತಕೋಶವನ್ನೇ ತೆಗೆಯೋಣ ಎಂದು ಡಾಕ್ಟರು ದಿನ ಕೊಟ್ಟಿದ್ದಾರೆ. ಹಿಂದಿನ ಸಂಜೆ ಪ್ರೈವೇಟ್ ಆಸ್ಪತ್ರೆಗೆ ಅಡ್ಮಿಟ್ ಆದ ಕೂಡಲೇ ಸಿಸ್ಟರ್ ಬಂದು ಹೇಳುತ್ತಾರೆ: "ರಾತ್ರಿ ಹನ್ನೆರಡರ ಮೇಲೆ ಏನೂ ತಗೋಬೇಡಿ, ನೀರು ಕೂಡ." ಬೆಳಿಗ್ಗೆ ಎಂಟಕ್ಕೆ ಎಂದಿದ್ದ ಆಪರೇಷನ್, ನಡುವೆ ಒಂದು ಎಮರ್ಜೆನ್ಸಿ ಬಂತೆಂದು ಮಧ್ಯಾಹ್ನಕ್ಕೆ ಹೋಗುತ್ತದೆ. ಅಷ್ಟರಲ್ಲಿ ಬಾಯಿ ಒಣಗಿ, ಬೆಳಗಿನ ಕಾಫಿ ತಪ್ಪಿದ ತಲೆನೋವು ಬೇರೆ.

ಈ ಕಟ್ಟುನಿಟ್ಟಿಗೆ ಕಾರಣವೇನೋ ಇದೆ. ಅರಿವಳಿಕೆ ಕೊಟ್ಟ ಮೇಲೆ ಕೆಮ್ಮುವ, ನುಂಗುವ ಶಕ್ತಿ ಅಷ್ಟು ಹೊತ್ತು ಹೋಗಿಬಿಡುತ್ತದೆ. ಆಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ 44,016 ಗರ್ಭಿಣಿಯರ ದಾಖಲೆಗಳನ್ನು ನೋಡಿ, 66 ಮಂದಿಗೆ ಹೀಗಾಗಿದೆ ಎಂದು ಬರೆದರು. ಸತ್ತವರು ಇಬ್ಬರು. ಇಬ್ಬರಿಗೂ ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರು ಕಟ್ಟಿತ್ತು. ಆದರೆ ಮುಂದಿನ ದಶಕಗಳಲ್ಲಿ ಗಟ್ಟಿ ಊಟಕ್ಕೂ ಬರೀ ನೀರಿಗೂ ಒಂದೇ ನಿಯಮವಾಗಿ, ಎಲ್ಲರಿಗೂ "ಮಧ್ಯರಾತ್ರಿಯಿಂದ ಬಂದ್" ಎಂದಾಯಿತು. ಹೇಳುವುದಕ್ಕೂ ಸುಲಭ, ಪಾಲಿಸುವುದಕ್ಕೂ ಸುಲಭ. ಬಾಯಾರಿಕೆ ಮಾತ್ರ ರೋಗಿಯದ್ದು.

ಹೊಟ್ಟೆ ಎಲ್ಲವನ್ನೂ ಒಂದೇ ವೇಗದಲ್ಲಿ ಮುಂದಕ್ಕೆ ತಳ್ಳುವುದಿಲ್ಲ. ಕುಡಿದ ನೀರಿನಲ್ಲಿ ಅರ್ಧದಷ್ಟು ಹತ್ತಿಪ್ಪತ್ತು ನಿಮಿಷದಲ್ಲೇ ಕರುಳಿಗೆ ಹೋಗಿರುತ್ತದೆ. ಇಡ್ಲಿಗೆ ಗಂಟೆಗಳು ಬೇಕು, ಪೂರಿ ಸಾಗುವಿಗೆ ಇನ್ನೂ ಜಾಸ್ತಿ. ಅದಕ್ಕೇ 1999ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ, ಅರಿವಳಿಕೆಗೆ ಎಷ್ಟು ಹೊತ್ತು ಮೊದಲು ಏನನ್ನು ನಿಲ್ಲಿಸಬೇಕೆಂದು ಲೆಕ್ಕ ಬಿಡಿಸಿ ಹೇಳಿತು: ನೀರು ಮತ್ತು ತಿಳಿಯಾದ ಪಾನೀಯಗಳಿಗೆ 2 ಗಂಟೆ, ಹಗುರ ತಿಂಡಿಗೆ 6 ಗಂಟೆ, ಕರಿದದ್ದು, ಜಿಡ್ಡಿನದ್ದು, ಮಾಂಸದೂಟಕ್ಕೆ 8 ಗಂಟೆ ಅಥವಾ ಇನ್ನೂ ಹೆಚ್ಚು. ನಮ್ಮವರು ಎಡವುವುದು ಕಾಫಿಯಲ್ಲಿ. "ಕುಡಿಯೋದು ತಾನೆ, ನೀರಿನ ಲೆಕ್ಕಕ್ಕೇ ಬರುತ್ತೆ ಅಲ್ವಾ?" ಬರುವುದಿಲ್ಲ. ಹಸುವಿನ ಹಾಲು ಹೊಟ್ಟೆಯ ಆಮ್ಲಕ್ಕೆ ಸಿಕ್ಕ ತಕ್ಷಣ ಒಡೆದು ಗಟ್ಟಿಯಾಗುತ್ತದೆ. ಹಾಗಾಗಿ ಫಿಲ್ಟರ್ ಕಾಫಿ ಹಗುರ ತಿಂಡಿಗೆ ಸಮ, 6 ಗಂಟೆಯೇ. ಹಾಲಿಲ್ಲದ ಕಪ್ಪು ಕಾಫಿಯಾದರೆ ನೀರಿನ ಸಾಲಿಗೆ ಸೇರುತ್ತದೆ.

ಹಾಗೆಂದು ಸಿಸ್ಟರ್ ಮಾತು ಮೀರಿ ಕದ್ದು ಕುಡಿಯಬೇಡಿ. ಅರಿವಳಿಕೆ ಡಾಕ್ಟರನ್ನು ಕೇಳಿ. ಪಿಎಸಿ ಎನ್ನುತ್ತಾರಲ್ಲ, ಆಪರೇಷನ್ನಿಗೆ ಮುಂಚಿನ ಆ ತಪಾಸಣೆಯೇ ಕೇಳಬೇಕಾದ ಜಾಗ. ನಾವೋ ಅದನ್ನು "ಫಿಟ್‌ನೆಸ್ ಸೈನ್" ಎಂದುಕೊಂಡು ಹತ್ತು ನಿಮಿಷದಲ್ಲಿ ಮುಗಿಸಿ ಎದ್ದು ಬರುತ್ತೇವೆ. ಮನೆಯಲ್ಲಿ ನುಂಗುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಶುಗರಿನವರು ಈಗ ಹೆಚ್ಚಾಗಿ ತೆಗೆದುಕೊಳ್ಳುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಉಪವಾಸವಿದ್ದಾಗ ಇವು ರಕ್ತದಲ್ಲಿ ಆಮ್ಲ ಏರಿಸಬಲ್ಲವು, ಅದೂ ಶುಗರ್ ನಾರ್ಮಲ್ ತೋರಿಸುತ್ತಿರುವಾಗಲೇ. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ, ಆಗ ಮೇಲಿನ ಗಂಟೆಗಳ ಲೆಕ್ಕವೂ ತಪ್ಪಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ಬಿಡುವುದು ಅಪಾಯ. ಬೀಡಿ, ಸಿಗರೇಟು ಸೇದುವವರು ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯ ಚೆನ್ನಾಗಿ ಮಾಯುತ್ತದೆ. ಆಪರೇಷನ್ ದಿನ ಮೊದಲೇ ಗೊತ್ತಿರುವುದರ ಲಾಭ ಇದೇ.

ಒಡವೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ರಕ್ತ ನಿಲ್ಲಿಸಲು ಸರ್ಜನ್ ಬಳಸುವುದು ವಿದ್ಯುತ್ತಿನ ಉಪಕರಣ, ಮೈಮೇಲೆ ಲೋಹವಿದ್ದರೆ ಆ ಜಾಗ ಸುಡುವ ಭಯವಿದೆ. ಬರೀ ಕತ್ತು ಬೇಡ ಎನ್ನುವವರು ಅರಿಶಿನ ಕೊಂಬಿನ ದಾರ ಕಟ್ಟಿಕೊಂಡು ಮಾಂಗಲ್ಯವನ್ನು ಮನೆಗೆ ಕಳಿಸುವುದುಂಟು. ಉಗುರಿನ ಬಣ್ಣವನ್ನೂ ತೆಗೆಯಬೇಕು, ಬೆರಳಿನ ಕ್ಲಿಪ್ ಆಮ್ಲಜನಕ ಅಳೆಯುವುದು ಅದರ ಮೂಲಕ ಹಾಯುವ ಬೆಳಕಿನಿಂದ.

ಇನ್ಶೂರೆನ್ಸ್ ವಿಷಯಕ್ಕೆ ಒಂದೇ ಮಾತು. ಪಾಲಿಸಿಯಲ್ಲಿರುವ ರೂಮ್ ಬಾಡಿಗೆಯ ಮಿತಿ ನೋಡಿಕೊಳ್ಳಿ. ಮಿತಿ ಮೀರಿದ ರೂಮಿಗೆ ಹೋದರೆ ಎಷ್ಟೋ ಪಾಲಿಸಿಗಳಲ್ಲಿ ಸರ್ಜನ್ ಫೀಸಿನಂಥ ಬೇರೆ ಖರ್ಚುಗಳಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ.

ಎಚ್ಚರವಾದ ಮೇಲೆ ಹಲವರನ್ನು ಗಾಬರಿಪಡಿಸುವುದು ಭುಜದ ನೋವು. ಆಪರೇಷನ್ ಆದದ್ದು ಹೊಟ್ಟೆಗೆ, ನೋವು ಬಲ ಭುಜದಲ್ಲಿ! ಲ್ಯಾಪ್ರೋಸ್ಕೋಪಿಯಲ್ಲಿ ಒಳಗೆ ಕೆಲಸ ಮಾಡಲು ಜಾಗವಾಗಲೆಂದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಕೊನೆಯಲ್ಲಿ ಹೊರಬಿಟ್ಟರೂ ಸ್ವಲ್ಪ ಉಳಿದು, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಕೆಳಗೆ ಸೇರುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಭುಜದ ಚರ್ಮದ ನರಗಳೂ ಅಲ್ಲಿಂದಲೇ. ಸುದ್ದಿ ಎಲ್ಲಿಂದ ಬಂತೆಂದು ಮಿದುಳಿಗೆ ಸರಿಯಾಗಿ ಗೊತ್ತಾಗದೆ ಭುಜ ನೋಯುತ್ತಿದೆ ಎಂದುಕೊಳ್ಳುತ್ತದೆ. ರಕ್ತ ಆ ಗ್ಯಾಸನ್ನು ಹೀರಿಕೊಂಡು ಉಸಿರಿನಲ್ಲಿ ಹೊರಹಾಕುತ್ತದೆ, ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಜೊತೆಗೆ ಎದೆ ಬಿಗಿತವೋ ಏದುಸಿರೋ ಇದ್ದರೆ ಮಾತ್ರ "ಗ್ಯಾಸು" ಎಂದು ಸುಮ್ಮನಿರಬೇಡಿ, ತಕ್ಷಣ ಹೇಳಿ.

ಇನ್ನು ಎದ್ದು ಓಡಾಡುವ ವಿಷಯ. ನೋಡಲು ಬಂದವರೆಲ್ಲ ಹೇಳುವುದು "ಸುಮ್ನೆ ಮಲಗಿರಿ" ಎಂದೇ. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಇದಕ್ಕೆ ಉಲ್ಟಾ ದಾರಿ ಹಿಡಿದರು. ನೋವನ್ನು ಚೆನ್ನಾಗಿ ತಗ್ಗಿಸಿ, ಬೇಗ ಊಟ ಕೊಟ್ಟು, ಬೇಗ ನಡೆಸಿದರು. ವಾರಕ್ಕೂ ಹೆಚ್ಚು ಆಸ್ಪತ್ರೆಯಲ್ಲಿರುತ್ತಿದ್ದ ದೊಡ್ಡ ಕರುಳಿನ ಆಪರೇಷನ್ನಿನವರು ಎರಡು ಮೂರು ದಿನಕ್ಕೇ ಮನೆಗೆ ಹೋಗುವಂತಾದರು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಸ್ನಾಯು ಕರಗುತ್ತದೆ, ಶ್ವಾಸಕೋಶದ ತಳಭಾಗ ಮುದುಡಿಕೊಳ್ಳುತ್ತದೆ. ಆ ಮುದುಡಿದ್ದನ್ನು ಬಿಡಿಸಲೆಂದೇ ಮೂರು ಬಾಲಿನ ಪ್ಲಾಸ್ಟಿಕ್ ಸಾಧನ ಕೊಡುವುದು. ಬಹಳ ಜನ ಅದನ್ನು ಊದುತ್ತಾರೆ. ಊದುವುದಲ್ಲ, ಉಸಿರನ್ನು ಒಳಗೆ ಎಳೆದು ಬಾಲು ಮೇಲೇರಿಸಬೇಕು.

ಮನೆಗೆ ಬಂದ ಮೇಲೆ ಪಥ್ಯದ ಕಾಟ ಶುರು. ಬದನೆಕಾಯಿ ನಂಜು, ಬೇಳೆ ತಿಂದರೆ ಕೀವು, ಮೊಟ್ಟೆಯಂತೂ ಬೇಡವೇ ಬೇಡ. ಕೊನೆಗೆ ಉಳಿಯುವುದು ಗಂಜಿ, ಸಾರನ್ನ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ಬೇಳೆಯಿಂದಲ್ಲ. ಗಾಯ ಕೂಡಿಸುವ ಕೊಲಾಜೆನ್ ಕಟ್ಟಲು ಪ್ರೋಟೀನ್ ಬೇಕು, ಅದಿರುವುದು ನಾವು ಬೇಡವೆಂದ ಬೇಳೆ, ಮೊಟ್ಟೆ, ಮೀನಿನಲ್ಲೇ. ಮೇಲೆ ಚರ್ಮ ಕೂಡಿದ್ದರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಮೂರು ವಾರದ ಗಾಯಕ್ಕೆ ಹಳೆಯ ಬಲದ ಐದನೇ ಒಂದು ಭಾಗದಷ್ಟೇ ಬಂದಿರುತ್ತದೆ. ಅಡುಗೆ ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಎತ್ತಬೇಡಿ ಎನ್ನುವುದು ಇದಕ್ಕೇ.

ಪಿತ್ತಕೋಶವೇ ಇಲ್ಲದಿದ್ದರೆ ಜೀರ್ಣವಾಗುವುದು ಹೇಗೆ? ಪಿತ್ತ ತಯಾರಾಗುವುದು ಲಿವರಿನಲ್ಲಿ. ಬೋರ್‌ವೆಲ್ಲು ಹಾಗೇ ಇದೆ, ತೆಗೆದದ್ದು ಮೇಲಿನ ಟ್ಯಾಂಕು ಮಾತ್ರ. ಇನ್ನು ಮುಂದೆ ಪಿತ್ತ ಸ್ವಲ್ಪ ಸ್ವಲ್ಪವೇ ನೇರವಾಗಿ ಕರುಳಿಗೆ ಬರುತ್ತಿರುತ್ತದೆ. ಜಿಡ್ಡಿನೂಟ ಮಾಡಿದರೆ ಕೆಲವರಿಗೆ ಹೊಟ್ಟೆ ಕೆಡಬಹುದು, ತುಪ್ಪ, ಕರಿದದ್ದನ್ನು ನಿಧಾನಕ್ಕೆ ಶುರುಮಾಡಿದರಾಯಿತು.

ಕಾಯಬಾರದ ಲಕ್ಷಣಗಳೂ ಇವೆ. ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ಹೊಟ್ಟೆನೋವು ಜಾಸ್ತಿಯಾಗುವುದು, ಚಳಿಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು. ಪಿತ್ತ ಒಳಗೆ ಸೋರುತ್ತಿರಬಹುದು, ಇಲ್ಲವೇ ನಾಳದಲ್ಲಿ ಕಲ್ಲೊಂದು ಉಳಿದಿರಬಹುದು. ಒಂದು ಕಾಲಿಗೆ ಮಾತ್ರ ಊತ ಬಂದು ನೋಯುತ್ತಿದ್ದರೂ ಅಷ್ಟೇ. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಬರೆದ ರಿವ್ಯೂ ದಿನ ಇನ್ನೂ ದೂರ ಇದೆ ಎಂದು ನೋಡುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.