ಹರೆಯದ ಹೆಬ್ಬಾತುಗಳು ಕೋಳಿಗಳ ಮೇಲೆ ಏರಿಹೋಗುತ್ತಿವೆ, ಏನು ಮಾಡಲಿ?

ಪ್ರಶ್ನೆ: ಹಿತ್ತಿಲಲ್ಲಿ ಕೋಳಿ, ಬಾತುಕೋಳಿಗಳ ಜೊತೆ ನಾಲ್ಕು ಹೆಬ್ಬಾತು ಸಾಕಿದ್ದೇವೆ. ಮರಿಗಳಾಗಿದ್ದಾಗ ನಮ್ಮ ಕೈಯಲ್ಲೇ ಬೆಳೆದವು, ಮಡಿಲಲ್ಲೇ ನಿದ್ದೆ ಮಾಡುತ್ತಿದ್ದವು. ಈಗ ವರ್ಷ ತುಂಬುತ್ತಾ ಬಂತು. ಅವುಗಳಲ್ಲಿ ಎರಡು ಹೆಬ್ಬಾತುಗಳು ಕೋಳಿಗಳನ್ನು ಅಟ್ಟಿಸಿಕೊಂಡು ಹೋಗಿ ಗರಿ ಕೀಳುತ್ತವೆ, ನೀರಿನ ತೊಟ್ಟಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ, ನನ್ನ ಮೇಲೂ ಬುಸುಗುಟ್ಟುತ್ತಾ ಬರುತ್ತವೆ. ಈ ಚಾಳಿ ಬಿಡಿಸಬಹುದೇ, ಇಲ್ಲ ಬೇರೆಯವರಿಗೆ ಕೊಟ್ಟುಬಿಡುವುದೇ ಒಳ್ಳೆಯದೇ?

ಉತ್ತರ: ಕೊಡುವ ಮಾತು ಸದ್ಯಕ್ಕೆ ಬೇಡ. ನೀವು ಹೇಳಿದ ವಯಸ್ಸು, ನೀವು ಹೇಳಿದ ವರ್ತನೆ ಎರಡೂ ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಹೆಬ್ಬಾತು ಹರೆಯಕ್ಕೆ ಬರುವುದು ಹುಟ್ಟಿದ ಮುಂದಿನ ಮೊಟ್ಟೆಯ ಕಾಲಕ್ಕೆ. ಹಗಲು ಉದ್ದವಾಗುತ್ತಾ ಹೋದಂತೆ ಅದರ ಮೈಯಲ್ಲಿ ಹಾರ್ಮೋನು ಏರುತ್ತದೆ, ನಿನ್ನೆಯವರೆಗೆ ಕಾಲಿಗೆ ಒರಗುತ್ತಿದ್ದ ಹಕ್ಕಿ ಇಂದು ಕಾಲಿಗೇ ಕಚ್ಚುತ್ತದೆ. ಆ ಕಾಲ ಮುಗಿದ ಮೇಲೆ ಬಹುಪಾಲು ಹಕ್ಕಿಗಳು ತಣ್ಣಗಾಗುತ್ತವೆ. ಆದರೆ ಈ ಕೆಲವು ತಿಂಗಳಲ್ಲಿ ಅದು ಏನು ಕಲಿಯುತ್ತದೆ ಎಂಬುದು ಮುಂದಿನ ವರ್ಷಗಳಿಗೂ ಉಳಿಯುತ್ತದೆ. ಹೆಬ್ಬಾತು ಇಪ್ಪತ್ತು ವರ್ಷ ಬಾಳಬಲ್ಲ ಹಕ್ಕಿ, ಹಾಗಾಗಿ ಈಗ ಪಡುವ ಶ್ರಮ ದಂಡವಲ್ಲ.

ಮೊದಲು ಸಿಟ್ಟು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಸಾಕು ಹೆಬ್ಬಾತುಗಳು ಎರಡು ಕಾಡು ಜಾತಿಗಳಿಂದ ಬಂದವು: ಯುರೋಪಿನ ತಳಿಗಳು ಗ್ರೇಲ್ಯಾಗ್‌ನಿಂದ, ಮೂಗಿನ ಮೇಲೆ ಗಂಟಿರುವ ಚೈನೀಸ್ ಮತ್ತು ಆಫ್ರಿಕನ್ ತಳಿಗಳು ಸ್ವಾನ್ ಗೂಸ್‌ನಿಂದ. ಕಾಡಿನಲ್ಲಿ ಇವು ಜೋಡಿ ಕಟ್ಟಿ ವರ್ಷಗಟ್ಟಲೆ ಒಟ್ಟಿಗಿರುತ್ತವೆ. ಹೆಣ್ಣು ಕಾವು ಕೂತಾಗ ಗಂಡು ಪಕ್ಕದಲ್ಲೇ ನಿಂತು ಕಾಯುತ್ತದೆ. ಆ ಕಾವಲಿನ ಬುದ್ಧಿ ಸಾವಿರಾರು ವರ್ಷ ಸಾಕಿದರೂ ಹೋಗಿಲ್ಲ. ನಿಮ್ಮ ಹಿತ್ತಿಲಿನ ಗಂಡಿಗೆ ಕಾಯಬೇಕು ಅನ್ನಿಸುತ್ತಿದೆ, ಆದರೆ ಓಡಿಸಲು ನರಿಯೂ ಇಲ್ಲ, ಬೇರೆ ಹಿಂಡೂ ಇಲ್ಲ. ಎದುರಿಗಿರುವುದು ಕೋಳಿ ಮತ್ತು ನೀವು.

ನಿಮ್ಮ ಮೇಲೇ ಏಕೆ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ, ಅದು ನಿಮ್ಮ ಪ್ರಶ್ನೆಯಲ್ಲೇ ಇದೆ. ಮೊಟ್ಟೆಯೊಡೆದ ಹೆಬ್ಬಾತಿನ ಮರಿ ಮೊದಲು ಕಂಡ ಚಲಿಸುವ ಜೀವವನ್ನು ತಾಯಿ ಎಂದು ಹಿಂಬಾಲಿಸುತ್ತದೆ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್ ಗ್ರೇಲ್ಯಾಗ್ ಮರಿಗಳಲ್ಲಿ ಇದನ್ನು ವರ್ಷಗಟ್ಟಲೆ ಗಮನಿಸಿದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ಮತ್ತಿಬ್ಬರೊಂದಿಗೆ ನೊಬೆಲ್ ಸಂದಿತು. ಮಡಿಲಲ್ಲಿ ಬೆಳೆದ ಮರಿಗೆ ಮನುಷ್ಯರ ಭಯ ಇರುವುದಿಲ್ಲ, ನೀವೂ ಅದರ ಹಿಂಡಿನವರೇ. ಹರೆಯ ಬಂದಾಗ ಹಿಂಡಿನವರ ಜೊತೆ ಹೇಗೆ ಪೈಪೋಟಿ ಮಾಡುತ್ತದೋ ಹಾಗೆ ನಿಮ್ಮ ಜೊತೆಗೂ ಮಾಡುತ್ತದೆ. ನೀವು ಕೊಟ್ಟ ಪ್ರೀತಿ ವ್ಯರ್ಥವಾಯಿತು ಎಂದು ದಯವಿಟ್ಟು ಕೊರಗಬೇಡಿ. ಹೊರಗಿನವರೆಂದು ಅದು ನಿಮ್ಮನ್ನು ಎಂದೂ ಎಣಿಸಿಲ್ಲ, ಅಷ್ಟೇ ಇದರ ಅರ್ಥ.

ಇನ್ನು ಕತ್ತನ್ನು ಓದಲು ಕಲಿಯಬೇಕು. ಹೆಬ್ಬಾತಿನ ಮನಸ್ಸೆಲ್ಲ ಕತ್ತಿನಲ್ಲೇ ಇದೆ. ಕತ್ತು ನೆಟ್ಟಗೆ ಮೇಲಕ್ಕೆತ್ತಿ ಒಂದೇ ಕಣ್ಣಿನಿಂದ ನೋಡುತ್ತಿದ್ದರೆ ಅದು ಎಚ್ಚರ, ಸಿಟ್ಟಲ್ಲ. ಕತ್ತನ್ನು ನೆಲಕ್ಕೆ ಸಮವಾಗಿ ಮುಂದಕ್ಕೆ ಚಾಚಿ, ಕೊಕ್ಕು ತೆರೆದು, ನಾಲಿಗೆ ಕಾಣುವಂತೆ ಬುಸುಗುಟ್ಟುತ್ತಾ ನೇರ ನಿಮ್ಮ ಕಡೆಗೇ ಬಂದರೆ ಅದು ಬೆದರಿಕೆ. ಕತ್ತಿನ ಗರಿಗಳು ಗೀರುಗೀರಾಗಿ ಎದ್ದು ನಡುಗಿದರೆ ಬೆದರಿಕೆ ಇನ್ನೂ ಗಟ್ಟಿ. ಆದರೆ ಕತ್ತು ಚಾಚಿ ಗಲಾಟೆ ಮಾಡುತ್ತಾ ನಿಮ್ಮನ್ನು ದಾಟಿ ತನ್ನ ಜೊತೆಗಾರ್ತಿಯ ಪಕ್ಕಕ್ಕೆ ಓಡಿದರೆ ಹೆದರುವಂಥದ್ದೇನಿಲ್ಲ; ಯಾರನ್ನೋ ಓಡಿಸಿ ಬಂದ ಗಂಡು, ಹೆಣ್ಣಿನ ಜೊತೆ ಸಂಭ್ರಮ ಪಡುತ್ತಿದೆ. ಇದನ್ನೂ ದಾಳಿ ಎಂದುಕೊಂಡು ಕೋಲು ಹಿಡಿದು ಓಡಿಸುವವರು ಬಹಳ. ಪಾಪ, ಹಕ್ಕಿಗೆ ಏಕೆ ಏಟು ಬಿತ್ತೆಂದೇ ತಿಳಿಯುವುದಿಲ್ಲ.

ನಿಮ್ಮ ಮೇಲೆ ಬಂದಾಗ ಹಿಂದೆ ಸರಿಯಬೇಡಿ, ಬೆನ್ನು ತಿರುಗಿಸಿ ಓಡಬೇಡಿ. ಓಡಿದರೆ ಅದು ಗೆದ್ದಿತು, ನಾಳೆ ಇನ್ನೂ ದೂರದಿಂದಲೇ ಓಡಿ ಬರುತ್ತದೆ. ಒದೆಯುವುದು, ಕೋಲಿನಿಂದ ಹೊಡೆಯುವುದು, ನೀರು ಎರಚುವುದು ಇವೂ ಬೇಡ. ಹೊಡೆತ ತಿಂದ ಹಕ್ಕಿಗೆ ನೀವು ನಿಜವಾಗಿಯೂ ವೈರಿ ಎಂಬುದು ಖಾತ್ರಿಯಾಗುತ್ತದೆ. ನಿಂತಲ್ಲೇ ನಿಲ್ಲಿ, ಎರಡೂ ಕೈ ಅಗಲಿಸಿ ದೊಡ್ಡವರಾಗಿ ಕಾಣಿ, ಅವಸರವಿಲ್ಲದೆ ಅದರ ಕಡೆಗೇ ಎರಡು ಹೆಜ್ಜೆ ಇಡಿ. ಬಹುತೇಕ ಹಕ್ಕಿಗಳು ಪಕ್ಕಕ್ಕೆ ಸರಿಯುತ್ತವೆ. ಸರಿದ ತಕ್ಷಣ ನೀವೂ ನಿಂತುಬಿಡಿ, ಅಟ್ಟಿಸಿಕೊಂಡು ಹೋಗಬೇಡಿ. ಸರಿದರೆ ಕಾಟವಿಲ್ಲ ಎಂಬುದೇ ಅದು ಕಲಿಯಬೇಕಾದ ಪಾಠ.

ಕಚ್ಚಿ ಹಿಡಿದು ಬಿಡದಿರುವ ಗಂಡಾದರೆ ಎತ್ತಿಕೊಳ್ಳಬೇಕಾಗುತ್ತದೆ. ಒಂದು ಕೈಯಿಂದ ತಲೆಯ ಸ್ವಲ್ಪ ಕೆಳಗೆ ಕತ್ತನ್ನು ಹಗುರವಾಗಿ ಹಿಡಿದು, ಇನ್ನೊಂದು ಕೈಯಿಂದ ರೆಕ್ಕೆಗಳೆರಡನ್ನೂ ಮೈಗೆ ಒತ್ತಿ, ಕಂಕುಳಲ್ಲಿ ಅವುಚಿಕೊಳ್ಳಿ, ತಲೆ ನಿಮ್ಮ ಬೆನ್ನ ಕಡೆಗಿರಲಿ. ಅದರ ಭಾರವೆಲ್ಲ ಎದೆಯ ಕೆಳಗಿಟ್ಟ ನಿಮ್ಮ ತೋಳಿನ ಮೇಲೆ ಬೀಳಬೇಕು. ಕತ್ತು, ಕಾಲು ಅಥವಾ ರೆಕ್ಕೆ ಹಿಡಿದು ತೂಗಬೇಡಿ, ಹೆಬ್ಬಾತಿನ ಕಾಲು ಮೈಗೆ ಹೋಲಿಸಿದರೆ ತೀರ ನಾಜೂಕು. ರೆಕ್ಕೆ ಬೀಸಿದಾಗ ಅದರ ಮಡಿಕೆಯ ಹತ್ತಿರದ ಗಂಟುಮೂಳೆ ಬಡಿದರೆ ತೊಡೆಯ ಮೇಲೆ ನೀಲಿ ಬಾಸುಂಡೆ ಬರುತ್ತದೆ, ಆದ್ದರಿಂದ ರೆಕ್ಕೆಯನ್ನು ಮೊದಲು ಹಿಡಿತಕ್ಕೆ ತಂದುಕೊಳ್ಳಿ. ಹಾಗೆಯೇ ಎತ್ತಿಕೊಂಡು ಹಿತ್ತಿಲಲ್ಲಿ ನಿಮ್ಮ ಕೆಲಸ ಮಾಡುತ್ತಾ ಓಡಾಡಿ. ಅದರ ಮೈ ಸಡಿಲಾದ ಮೇಲೆ ಕೆಳಗಿಳಿಸಿ, ಒದ್ದಾಡುತ್ತಿರುವಾಗ ಬಿಡಬೇಡಿ. ಚಿಕ್ಕ ಮಕ್ಕಳನ್ನು ಈ ಕಾಲದಲ್ಲಿ ಹೆಬ್ಬಾತುಗಳ ಬಳಿ ಒಂಟಿಯಾಗಿ ಬಿಡಲೇಬೇಡಿ, ಅವರ ಮುಖ ಕೊಕ್ಕಿನ ಎತ್ತರಕ್ಕೇ ಇರುತ್ತದೆ.

ಕೋಳಿಗಳ ವಿಷಯಕ್ಕೆ ಬಂದರೆ, ಅಲ್ಲಿ ಹಕ್ಕಿಯನ್ನು ತಿದ್ದುವುದಕ್ಕಿಂತ ಜಾಗವನ್ನು ತಿದ್ದುವುದೇ ಹೆಚ್ಚು ಫಲ ಕೊಡುತ್ತದೆ. ದೊಡ್ಡ ತಳಿಯ ಗಂಡು ಹೆಬ್ಬಾತು 9 ಕಿಲೋ ದಾಟಬಹುದು, ಕೋಳಿಯ ತೂಕ ಎರಡು ಮೂರು ಕಿಲೋ. ಇಬ್ಬರೂ ಒಂದೇ ತೊಟ್ಟಿ, ಒಂದೇ ತಟ್ಟೆಗೆ ಬಂದರೆ ಜಗಳಕ್ಕೆ ನೆಪವೇ ಬೇಕಿಲ್ಲ. ನೀರು, ಆಹಾರ ಎರಡನ್ನೂ ಕನಿಷ್ಠ ಎರಡು ಕಡೆ ಇಡಿ, ಒಂದರ ಬಳಿ ನಿಂತರೆ ಇನ್ನೊಂದು ಕಾಣದಂತೆ ಇಡಿ. ಕೋಳಿಗಳ ಆಹಾರವನ್ನು ಅಡ್ಡಗಂಬಿ ಬಡಿದ ಸಣ್ಣ ಬೋನಿನೊಳಗೆ ಇಟ್ಟರೆ ಇನ್ನೂ ಒಳ್ಳೆಯದು, ಸಂದು ಕೋಳಿ ನುಗ್ಗುವಷ್ಟು, ಹೆಬ್ಬಾತು ತೂರದಷ್ಟು ಇರಲಿ. ಇದರಿಂದ ಇನ್ನೊಂದು ಲಾಭವೂ ಇದೆ: ಮೊಟ್ಟೆ ಕೋಳಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದು ಗಂಡು ಹೆಬ್ಬಾತಿಗೆ ಬೇಡದ್ದು.

ಮೂಲೆಗಳನ್ನು ಒಮ್ಮೆ ಕೋಳಿಯ ಕಣ್ಣಿನಿಂದ ನೋಡಿ. ಬೇಲಿಯ ಮೂಲೆಗೆ ಸಿಕ್ಕಿದ ಕೋಳಿಗೆ ಬೇರೆ ದಾರಿಯಿಲ್ಲ, ಗರಿ ಕಿತ್ತುಹೋಗುವುದು ಅಲ್ಲೇ. ಅಲ್ಲಿ ಹಲಗೆ ಒರಗಿಸಿ ಹಿಂದಿನಿಂದ ನುಸುಳಲು ದಾರಿ ಮಾಡಿ, ಅಲ್ಲಲ್ಲಿ ಮಂಚ, ಮರದ ದಿಮ್ಮಿ ಇಡಿ. ಕೋಳಿ ಮೇಲೇರುತ್ತದೆ, ಹೆಬ್ಬಾತು ನೆಲದ ಹಕ್ಕಿ. ಈ ವ್ಯತ್ಯಾಸವೇ ನಿಮಗೆ ಸಿಗುವ ದೊಡ್ಡ ಸಹಾಯ. ರಾತ್ರಿ ಎರಡನ್ನೂ ಒಂದೇ ಗೂಡಿನಲ್ಲಿ ಕೂಡಬೇಡಿ. ಹೆಬ್ಬಾತಿನ ಹಿಕ್ಕೆ ನೀರು ನೀರು, ಅದರಿಂದ ಗೂಡು ತೇವವಾಗಿ ಕೋಳಿಗಳಿಗೆ ಉಸಿರಿನ ತೊಂದರೆ ಬರುತ್ತದೆ, ಇಕ್ಕಟ್ಟಿನಲ್ಲಿ ಜಗಳವೂ ಹೆಚ್ಚು.

ಈಗ ಗಂಡೆಷ್ಟು, ಹೆಣ್ಣೆಷ್ಟು ಎಂಬ ಲೆಕ್ಕ. ನಿಮ್ಮ ನಾಲ್ಕರಲ್ಲಿ ಯಾವುದು ಗಂಡು ಎಂದು ತಿಳಿಯದಿದ್ದರೆ ದನಿ ಕೇಳಿ: ಗಂಡಿನ ಕೂಗು ಸಾಮಾನ್ಯವಾಗಿ ತೆಳು, ಕೀರಲು, ಹೆಣ್ಣಿನದು ಒರಟು, ಕೆಳದನಿ. ಬುಸುಗುಟ್ಟುವುದನ್ನು ನೋಡಿ ಗಂಡೆಂದು ತೀರ್ಮಾನಿಸಬೇಡಿ, ಹೆಣ್ಣೂ ಬುಸುಗುಟ್ಟುತ್ತದೆ. ಒಂದು ಗಂಡಿಗೆ ಮೂರರಿಂದ ಐದು ಹೆಣ್ಣು ಎಂಬುದು ಸಾಕುವವರ ಸಾಮಾನ್ಯ ಲೆಕ್ಕ, ಭಾರಿ ತಳಿಗಾದರೆ ಇನ್ನೂ ಕಡಿಮೆ. ಎರಡು ಗಂಡು ಎರಡು ಹೆಣ್ಣೆಂದರೆ ಸಣ್ಣ ಹಿತ್ತಿಲಿಗೆ ಗಂಡು ಹೆಚ್ಚಾಯಿತು.

ಹೆಣ್ಣು ಸಾಲದ ಹರೆಯದ ಗಂಡು ಹೆಬ್ಬಾತು ಕೋಳಿಯ ಮೇಲೇರಲು ನೋಡುವುದುಂಟು. ಇದನ್ನು ತಮಾಷೆ ಎಂದುಕೊಂಡು ಸುಮ್ಮನಿರಬೇಡಿ. ಹುಂಜಕ್ಕೆ ಇಲ್ಲದ ಜನನಾಂಗ ಬಾತು, ಹೆಬ್ಬಾತುಗಳ ಗಂಡಿಗೆ ಇದೆ. ಹೇಂಟೆಯ ಒಳಮೈ ಅದಕ್ಕೆ ಹೊಂದಿದ್ದಲ್ಲ, ಒಳಗೇ ಗಾಯವಾಗಿ ಸಾಯಬಹುದು. ತೂಕವೂ ಸೇರಿ ಬೆನ್ನು ಮುರಿಯುವ ಅಪಾಯವಿದೆ. ಒಮ್ಮೆ ಕಂಡರೂ ಅದೇ ದಿನ ಬೇಲಿ ಹಾಕಿ ಬೇರೆ ಮಾಡಿ. ಗಂಡು ಬಾತುಕೋಳಿಗಳ ಮೇಲೂ ಇದೇ ನಿಗಾ ಇರಲಿ.

ಹೆಣ್ಣು ಮೊಟ್ಟೆಯಿಟ್ಟು ಕಾವು ಕೂತರೆ ಸುಮಾರು ಒಂದು ತಿಂಗಳು ಅದರ ಸುತ್ತ ಯಾರನ್ನೂ ಬಿಡುವುದಿಲ್ಲ, ಅಷ್ಟು ದಿನ ಆ ಮೂಲೆಯನ್ನೇ ಅದಕ್ಕೆ ಬಿಟ್ಟುಕೊಡಿ. ಗೂಡಿನ ಮೂರು ಕಡೆ ಮರೆ ಮಾಡಿದರೆ ಗಂಡಿಗೂ ಕಾಯುವ ಗಡಿ ಚಿಕ್ಕದಾಗುತ್ತದೆ. ಬೇರೆ ಮಾಡಿದ ಹಕ್ಕಿಯನ್ನು ಮತ್ತೆ ಸೇರಿಸುವಾಗ ತಂತಿ ಬೇಲಿಯ ಆಚೆ ಈಚೆ ಒಂದೆರಡು ವಾರ ಒಬ್ಬರಿಗೊಬ್ಬರು ಕಾಣುವಂತೆ ಇಟ್ಟು, ನಂತರ ಹೊಟ್ಟೆ ತುಂಬಿ ಹುಲ್ಲು ಮೇಯುವ ಹೊತ್ತಿನಲ್ಲಿ ಬಿಡಿ. ರಕ್ತ ಕಂಡ ಕೋಳಿಯನ್ನು ಮಾತ್ರ ತಕ್ಷಣ ಒಳಗೆ ಒಯ್ಯಿರಿ, ಏಕೆಂದರೆ ಗಾಯವನ್ನು ಉಳಿದ ಕೋಳಿಗಳೇ ಕುಕ್ಕಿ ದೊಡ್ಡದು ಮಾಡುತ್ತವೆ.

ಮೊಟ್ಟೆಯ ಕಾಲ ಮುಗಿದು, ಜಾಗ ಸರಿಮಾಡಿ, ನೀವೂ ದಿನಾ ಒಂದೇ ರೀತಿ ನಡೆದುಕೊಂಡ ಮೇಲೂ ಒಂದು ಗಂಡು ಹೆಬ್ಬಾತು ಕೋಳಿಗಳನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತಿದ್ದರೆ, ಅದು ಮಿಶ್ರ ಹಿಂಡಿನಲ್ಲಿ ಬಾಳುವ ಹಕ್ಕಿಯಲ್ಲ. ಹೆಬ್ಬಾತುಗಳಷ್ಟೇ ಇರುವ, ಅದರಲ್ಲೂ ಹೆಣ್ಣು ಸಾಕಷ್ಟಿರುವ ಹಿಂಡಿಗೆ ಅದನ್ನು ಕೊಡಿ. ಒಂಟಿಯಾಗಿ ಮಾತ್ರ ಎಲ್ಲಿಗೂ ಕಳಿಸಬೇಡಿ. ಜೊತೆಯಿಲ್ಲದ ಹೆಬ್ಬಾತು ದಿನವಿಡೀ ಕೂಗುತ್ತದೆ, ಮೇವು ಬಿಡುತ್ತದೆ.