ಮೂಗು ಕಟ್ಟಿಲ್ಲ ಮಾರಾಯ್ರೇ, ವಾಸನೆ ಹೋಗಿದೆ

ಕೋವಿಡ್ ಆದಮೇಲೆ ವಾಸನೆ ಬರುತ್ತಿಲ್ಲ ಅಂತ ಬರುವವರಲ್ಲಿ ಹೆಚ್ಚಿನವರು, ನನ್ನೆದುರು ಕೂರುವ ಹೊತ್ತಿಗೆ ಮೂಗಿಗೆ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿರುತ್ತಾರೆ. ದಿನಕ್ಕೆ ಮೂರು ಸಲ ನೀಲಗಿರಿ ಎಣ್ಣೆ ಹಾಕಿದ ಹಬೆ, ಮೆಡಿಕಲ್ ಶಾಪಿನಿಂದ ತಂದ ಡ್ರಾಪ್ಸ್, ಮಲಗುವಾಗ ವಿಕ್ಸ್. 2021ರ ಎರಡನೇ ಅಲೆಯಲ್ಲಿ ವಾಟ್ಸ್ಯಾಪ್ ನಂಬಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ಬಂದವರೂ ಇದ್ದರು. ಎಲ್ಲರದ್ದೂ ಒಂದೇ ಮಾತು: "ಡಾಕ್ಟ್ರೇ, ಮೂಗು ಕಟ್ಟಿದೆ, ಒಂದ್ಸಲ ಕ್ಲೀನ್ ಮಾಡಿಬಿಡಿ."

ಕಟ್ಟಿಲ್ಲ. ಇದೊಂದನ್ನು ಹೇಳಲಿಕ್ಕೇ ಈ ಸಲ ಬರೆಯುತ್ತಿದ್ದೇನೆ.

ಶೀತ ಆದಾಗ ವಾಸನೆ ಹೋಗುವುದು ಬೇರೆ. ಆಗ ಮೂಗಿನ ಒಳಭಾಗ ಊದಿಕೊಂಡು, ಸಿಂಬಳ ತುಂಬಿ, ಗಾಳಿಯೇ ಮೇಲಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಗೋಡೆ, ಕಂಬಳಿ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮ ಊರುಗಳಲ್ಲಿ ಇದು ಚಿಕ್ಕಂದಿನಿಂದ ಎಲ್ಲರಿಗೂ ಗೊತ್ತಿರುವ ವಿಷಯ. ಹಬೆ ತಗೊಂಡರೆ ಸ್ವಲ್ಪ ಹಾಯೆನಿಸುತ್ತದೆ, ಶೀತ ಇಳಿದಾಗ ವಾಸನೆಯೂ ಬರುತ್ತದೆ. ಕೋವಿಡ್‌ನಲ್ಲಿ, ಅದರಲ್ಲೂ ಮೊದಲ ಎರಡು ಅಲೆಗಳಲ್ಲಿ, ಕಥೆ ಬೇರೆಯೇ ಇತ್ತು. ಉಸಿರಾಟ ಸಲೀಸು, ಸಿಂಬಳ ಇಲ್ಲ, ಆದರೆ ಬೆಳಗ್ಗೆ ಎದ್ದು ನೋಡಿದರೆ ಕಾಫಿಗೆ ವಾಸನೆಯೇ ಇಲ್ಲ.

ಮೂಗಿನ ಚಾವಣಿಯಲ್ಲಿ, ಹೆಚ್ಚುಕಡಿಮೆ ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ವಾಸನೆ ಹಿಡಿಯುವ ಸಣ್ಣದೊಂದು ಪದರ ಇದೆ. ಅದರಲ್ಲಿ ನರಕೋಶಗಳಿವೆ, ಅವುಗಳ ಸುತ್ತ ಅವನ್ನು ನೋಡಿಕೊಳ್ಳುವ ಆಸರೆ ಕೋಶಗಳಿವೆ. ಕೊರೊನಾ ವೈರಸ್ ಒಳಗೆ ಹೋಗಲು ಹಿಡಿದುಕೊಳ್ಳುವ ಎಸಿಇ2 ಅನ್ನುವ ಪ್ರೋಟೀನು ಈ ಆಸರೆ ಕೋಶಗಳ ಮೇಲೆ ಚೆನ್ನಾಗಿ ಇದೆ, ನರಕೋಶಗಳಲ್ಲಿ ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಪೆಟ್ಟು ಬೀಳುವುದು ಆಸರೆ ಕೋಶಕ್ಕೆ, ಕೆಲಸ ನಿಲ್ಲಿಸುವುದು ನರಕೋಶ. ಈ ಆಸರೆ ಕೋಶಗಳು ಮತ್ತೆ ಹುಟ್ಟುತ್ತವೆ, ಅದಕ್ಕೇ ಬಹಳ ಜನರಿಗೆ ಕೆಲವು ವಾರಗಳಲ್ಲಿ ವಾಸನೆ ತಾನಾಗಿ ಮರಳುತ್ತದೆ. ಕೆಲವರಲ್ಲಿ ಆ ಮೇಲಿನ ಸಂದಿಯಲ್ಲಿ ಊತವೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂಗಿನ ಕೆಳಭಾಗವನ್ನು ಎಷ್ಟು ತೊಳೆದರೂ, ಎಷ್ಟು ಹಬೆ ಹಿಡಿದರೂ ಸತ್ತ ಕೋಶ ಬೇಗ ಹುಟ್ಟುವುದಿಲ್ಲ. ಮಳೆಗೆ ಲೈನ್ ಕಂಬ ಬಿದ್ದು ಕರೆಂಟ್ ಹೋದಾಗ ಮನೆಯೊಳಗೆ ಬಲ್ಬ್ ಒರೆಸುತ್ತಾ ಕೂತ ಹಾಗಾಗುತ್ತದೆ.

ಒರೆಸಿದರೆ ನಷ್ಟ ಏನು ಅಂತೀರಾ? ನಷ್ಟ ಇದೆ. ಹಬೆ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರನ್ನು ನೋಡಿದ್ದೇನೆ. ಇನ್ನು ಆ ಡ್ರಾಪ್ಸ್. ಮೂಗು ಬಿಡಿಸುವ ಡ್ರಾಪ್ಸನ್ನು ಐದಾರು ದಿನಕ್ಕಿಂತ ಜಾಸ್ತಿ ಹಾಕಿದರೆ ಅದರ ಪ್ರಭಾವ ಇಳಿದಾಗಲೆಲ್ಲ ಮೂಗು ಮತ್ತಷ್ಟು ಊದುತ್ತದೆ, ಆಗ ಮತ್ತೆ ಡ್ರಾಪ್ಸ್ ಬೇಕು ಅನಿಸುತ್ತದೆ, ಹೀಗೇ ತಿಂಗಳು ಕಳೆದರೆ ಮೊದಲು ಕಟ್ಟಿರದ ಮೂಗು ಈಗ ನಿಜವಾಗಿ ಕಟ್ಟಿರುತ್ತದೆ.

ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು ಬಂದಿದ್ದರು. "ನಂಗೆ ವಾಸನೆ ಸರಿಯೇ ಉಂಟು, ಅಮೃತಾಂಜನ ಲಾಯ್ಕಾಗಿ ಗೊತ್ತಾಗ್ತದೆ, ಇವಳು ಮಾಡಿದ ಸಾರು ಮಾತ್ರ ಗೊತ್ತಾಗಲ್ಲ" ಅಂದರು. ಪಕ್ಕದಲ್ಲಿದ್ದ ಹೆಂಡತಿ, "ನೋಡಿ ಡಾಕ್ಟ್ರೇ, ಇಪ್ಪತ್ತು ವರ್ಷದಿಂದ ಇದೇ ಗೋಳು" ಅಂದರು. ಆ ಅಮ್ಮನ ತಪ್ಪೇನೂ ಇರಲಿಲ್ಲ. ಅಮೃತಾಂಜನ, ವಿಕ್ಸ್, ಕರ್ಪೂರ, ಹಸಿಮೆಣಸಿನ ಘಾಟು ಇವೆಲ್ಲ ಮೂಗಿನಲ್ಲಿ ತಣ್ಣಗೆ ಅಥವಾ ಚುರುಕ್ ಅನ್ನುವುದು ಮುಖದ ಸ್ಪರ್ಶ ಹೊರುವ ಇನ್ನೊಂದು ನರದ ಮೂಲಕ. ವಾಸನೆಯ ನರ ಪೂರ್ತಿ ಸುಮ್ಮನಿದ್ದರೂ ಅಮೃತಾಂಜನ ಗೊತ್ತಾಗುತ್ತದೆ. ಅವರಿಗೆ ಕಣ್ಣು ಮುಚ್ಚಿಸಿ ಕಾಫಿ ಪುಡಿಯ ಡಬ್ಬ ಹಿಡಿದೆ. "ಎಂತದೂ ಇಲ್ಲ, ಖಾಲಿ ಡಬ್ಬ" ಅಂದರು. ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳುವವರು ಕಾಫಿ ಪುಡಿಯನ್ನೋ ಏಲಕ್ಕಿಯನ್ನೋ ಮೂಸಿ ನೋಡಿ. ರುಚಿ ಹೋಯಿತು ಅನ್ನುವವರಲ್ಲೂ ಎಷ್ಟೋ ಜನರಿಗೆ ನಾಲಿಗೆ ಚೆನ್ನಾಗೇ ಇರುತ್ತದೆ. ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತದೆ. ಸಾರಿನ ಪರಿಮಳ ಬಾಯಿಯ ಹಿಂದಿನಿಂದ ಮೂಗಿಗೆ ಏರುವಂಥದ್ದು, ಹೋಗಿರುವುದು ಅದು. (ಎಲ್ಲರಲ್ಲೂ ಹೀಗೇ ಅಂತಲ್ಲ, ಕೋವಿಡ್‌ನಲ್ಲಿ ಕೆಲವರಿಗೆ ನಾಲಿಗೆಯ ರುಚಿಯೂ ಹೋಗುತ್ತದೆ.)

ನಮ್ಮ ಆರೋಗ್ಯ ಇಲಾಖೆ ವಾಸನೆ, ರುಚಿ ಹೋಗುವುದನ್ನು ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2020ರ ಜೂನ್‌ನಲ್ಲಿ. ಒಮಿಕ್ರಾನ್ ಬಂದ ಮೇಲೆ ಚಿತ್ರ ಬದಲಾಯಿತು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಪತ್ತೆಯಾಗಿದ್ದು 2021ರ ಡಿಸೆಂಬರ್‌ನಲ್ಲಿ, ನಮ್ಮ ಕರ್ನಾಟಕದಲ್ಲೇ. ಆಮೇಲಿಂದ ಗಂಟಲು ನೋವು, ಸೋರುವ ಮೂಗು, ಕೆಮ್ಮು ಜಾಸ್ತಿ, ವಾಸನೆ ಹೋಗುವುದು ಕಡಿಮೆ. ಅಂದರೆ ಈಗ ನಿಜವಾಗಿ ಮೂಗು ಕಟ್ಟಿರುವವರೂ ಸಿಗುತ್ತಾರೆ, ಎರಡೂ ಇರುವವರೂ ಸಿಗುತ್ತಾರೆ. ಅದಕ್ಕೇ ಒಮ್ಮೆ ಒಳಗೆ ನೋಡಿಯೇ ಹೇಳಬೇಕು, ಫೋನಿನಲ್ಲಿ ಹೇಳಲಿಕ್ಕಾಗುವುದಿಲ್ಲ. ದಯವಿಟ್ಟು ಕೇಳಬೇಡಿ.

ತಿಂಗಳಾದರೂ ವಾಸನೆ ಬರದಿದ್ದರೆ ನಾನು ಹೇಳುವ ಮದ್ದು ಜನರಿಗೆ ಮದ್ದು ಅಂತಲೇ ಅನಿಸುವುದಿಲ್ಲ. ಮೂಸುವ ಅಭ್ಯಾಸ. ಜರ್ಮನಿಯ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ, ಅಂದರೆ ಕೋವಿಡ್‌ಗಿಂತ ಎಷ್ಟೋ ಮೊದಲೇ, ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರಿಂದ ಇದನ್ನು ಮಾಡಿ ತೋರಿಸಿದ್ದರು. ನಮ್ಮಲ್ಲಿ ಲವಂಗ, ನಿಂಬೆ ಸಿಪ್ಪೆ, ಏಲಕ್ಕಿ, ಕಾಫಿ ಪುಡಿ ಇಟ್ಟುಕೊಂಡರೂ ನಡೆಯುತ್ತದೆ. ಬೆಳಗ್ಗೆ, ಸಂಜೆ, ಒಂದೊಂದನ್ನೂ ಹದಿನೈದಿಪ್ಪತ್ತು ಸೆಕೆಂಡ್, ಅದರ ನೆನಪು ತಂದುಕೊಂಡು ಮೂಸುವುದು. ಕಡಿಮೆ ಅಂದರೂ ಮೂರು ತಿಂಗಳು. ವಾರಕ್ಕೇ ಬಿಟ್ಟು "ಎಂತ ಪ್ರಯೋಜನ ಇಲ್ಲ" ಅಂತ ಬರುತ್ತಾರೆ. ಮೂರು ತಿಂಗಳು ಮಾಡಿದರೂ ಎಲ್ಲರಿಗೂ ಬಂದೇ ಬರುತ್ತದೆ ಅಂತ ಬರೆದುಕೊಡಲಾರೆ. ಆದರೆ ಖರ್ಚಿಲ್ಲ, ಅಪಾಯ ಇಲ್ಲ. ನಡುವೆ ಕಾಫಿ, ಈರುಳ್ಳಿ ಒಗ್ಗರಣೆ ಸುಟ್ಟ ರಬ್ಬರ್‌ನಂತೆ, ಕೊಳೆತಂತೆ ನಾರಲು ಶುರುವಾದರೆ ಗಾಬರಿಯಾಗಬೇಡಿ. ನರ ಮತ್ತೆ ಜೋಡಣೆಯಾಗುವ ಹಂತದಲ್ಲಿ ಹಾಗಾಗುತ್ತದೆ ಅಂತ ನಂಬಲಾಗಿದೆ. ಅಷ್ಟು ದಿನ ಒಗ್ಗರಣೆ ಬಿಟ್ಟು ತಣ್ಣಗಿನ ಊಟ ಮಾಡಿ, ತಂಬುಳಿ ಅನ್ನ ಸಾಕು. ವಾಸನೆ ಬರುವವರೆಗೆ ಗ್ಯಾಸ್ ಸೋರಿಕೆಯೂ ನಿಮಗೆ ತಿಳಿಯುವುದಿಲ್ಲ, ರೆಗ್ಯುಲೇಟರ್ ಆಫ್ ಮಾಡುವ ಕೆಲಸ ಮನೆಯಲ್ಲಿ ಒಬ್ಬರಿಗೆ ವಹಿಸಿಬಿಡಿ.

ಸಕ್ಕರೆ ಕಾಯಿಲೆಯವರಿಗೆ, ಸ್ಟಿರಾಯ್ಡ್ ತಗೊಂಡವರಿಗೆ ಮುಖದ ಒಂದೇ ಬದಿ ನೋವು, ಕಣ್ಣಿನ ಊತ, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸ್ರಾವ ಕಂಡರೆ ಅದು ಬೇರೆ ವಿಷಯ. ಕಪ್ಪು ಶಿಲೀಂಧ್ರ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ಕಿವಿಯಲ್ಲೂ ಇದೇ ತಪ್ಪು. ಕೋವಿಡ್ ಆದ ಕೆಲವರಿಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದು ವರದಿಯಾಗಿದೆ, ಅದು ವೈರಸ್‌ನಿಂದಲೇ ಅಂತ ಪ್ರತಿಯೊಬ್ಬರಲ್ಲೂ ಹೇಳಲಿಕ್ಕಾಗದು. ಆದರೆ ಕಿವಿ ಮಂದ ಆದ ಕೂಡಲೇ ಗುಗ್ಗೆ ಕಟ್ಟಿದೆ ಅಂತ ತೆಂಗಿನೆಣ್ಣೆ ಬಿಸಿ ಮಾಡುತ್ತಾರೆ. ಬಾಯಿ ಮುಚ್ಚಿ "ಮ್ಮ್" ಅಂತ ಗುನುಗಿ ನೋಡಿ. ಮಂದವಾದ ಕಿವಿಯಲ್ಲೇ ಸದ್ದು ಜೋರಾದರೆ ಬಹುಶಃ ಏನೋ ಕಟ್ಟಿದೆ. ಚೆನ್ನಾಗಿರುವ ಕಿವಿಯ ಕಡೆ ಜೋರಾದರೆ ನರದ ತೊಂದರೆ ಇರಬಹುದು, ಅದಕ್ಕೆ ಮೊದಲ ಕೆಲವು ದಿನಗಳಲ್ಲೇ ಚಿಕಿತ್ಸೆ ಶುರುವಾಗಬೇಕು, ತಡವಾದಷ್ಟೂ ಫಲ ಕಡಿಮೆ. ಇದು ಮನೆಯ ಅಂದಾಜು ಅಷ್ಟೇ, ಎರಡರಲ್ಲಿ ಯಾವುದೇ ಆದರೂ ಬಂದು ತೋರಿಸಿ. ಎಣ್ಣೆ ಮಾತ್ರ ಬಿಡಬೇಡಿ, ಕಿವಿಯ ಪರದೆ ನೋಡುವ ಮೊದಲು ಅದನ್ನು ತೆಗೆಯುವುದೇ ನಮಗೆ ಒಂದು ಕೆಲಸ ಆಗಿಬಿಡುತ್ತದೆ.