ಬಿರಡೆ ಬೀಗದ ಕೈಯ ಜೊತೆಯಲ್ಲಿರಲಿ

ಮಳೆಗಾಲ ಕಳೆದು ಗೊರೂರಿನ ಹೇಮಾವತಿ ಜಲಾಶಯದಲ್ಲಿಯೂ, ಬೇಲೂರಿನ ಯಗಚಿಯಲ್ಲಿಯೂ, ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿಯೂ ಬೋಟುಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ನನಗೆ ಒಂದು ಬಗೆಯ ಕರೆ ಬರುವುದು ತಪ್ಪುವುದಿಲ್ಲ. "ಬೋಟಿನೊಳಗೆ ನೀರು ಬರ್ತಾ ಇದೆ, ಎಲ್ಲೋ ಒಡೆದಿರಬೇಕು, ಒಂದ್ಸಲ ಬಂದು ನೋಡಿ" ಎನ್ನುತ್ತಾರೆ. ಹೋಗಿ ನೋಡಿದರೆ ಫೈಬರ್ ಎಲ್ಲಿಯೂ ಬಿರುಕು ಬಿಟ್ಟಿರುವುದಿಲ್ಲ. ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯ ತಳದಲ್ಲಿ ಇರಬೇಕಾದ ಡ್ರೈನ್ ಪ್ಲಗ್ಗನ್ನು, ಅಂದರೆ ಒಳಗಿನ ನೀರು ಹೊರಹೋಗುವ ತೂತಿಗೆ ಹಾಕುವ, ನಮ್ಮ ಹುಡುಗರು ಬಿರಡೆ ಎನ್ನುವ ಆ ಹಿತ್ತಾಳೆಯ ಮುಚ್ಚಳವನ್ನು, ಹಾಕದೆಯೇ ಬೋಟನ್ನು ತಳ್ಳಿರುತ್ತಾರೆ.

ಹೀಗೆ ಮರೆತವರನ್ನು ಅಜಾಗರೂಕರೆಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಈ ಮರೆವು ಹುಟ್ಟುವುದೇ ಒಂದು ಒಳ್ಳೆಯ ಅಭ್ಯಾಸದಿಂದ. ದಡದಲ್ಲಿ ನಿಲ್ಲಿಸಿದ ಬೋಟಿನ ಬಿರಡೆಯನ್ನು ತೆಗೆದಿಡಲೇಬೇಕು. ಎಂಟು ಚದರ ಮೀಟರಿನಷ್ಟು ತೆರೆದ ಜಾಗವಿರುವ ಬೋಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಳಗೆ 800 ಲೀಟರ್ ನೀರು, ಅಂದರೆ 800 ಕಿಲೋ ಭಾರ, ನಿಲ್ಲುತ್ತದೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಅಂಚಿಗೆ ಇದು ಒಂದೇ ದಿನದ ಲೆಕ್ಕವಾಗಬಹುದು. ಆ ಭಾರಕ್ಕೆ ಟ್ರೈಲರಿನ ಪಟ್ಟಿಗಳು ಬಾಗುತ್ತವೆ, ಬ್ಯಾಟರಿ ಮುಳುಗುತ್ತದೆ. ತೆಗೆದಿಟ್ಟದ್ದನ್ನು ತಿರುಗಿ ಹಾಕುವ ಮಧ್ಯೆ ಮೂರು ನಾಲ್ಕು ತಿಂಗಳು ಕಳೆದಿರುತ್ತವೆ, ಅಷ್ಟರಲ್ಲಿ ಬೋಟು ನೋಡಿಕೊಳ್ಳುವ ಹುಡುಗನೂ ಬದಲಾಗಿರುತ್ತಾನೆ.

ನಾನೂ ಒಮ್ಮೆ ಮರೆತಿದ್ದೇನೆ. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಅರ್ಧ ಗೋಡೆ ನೀರಿನಲ್ಲಿದ್ದ ದಿನಗಳವು. ತೋಟದ ಮಾಲೀಕರೊಬ್ಬರ ಬೋಟಿನ ತಳ ತೊಳೆದು, ಬಿರಡೆಯನ್ನು ಜೀಪಿನ ಮುಂಭಾಗದ ಮೇಲಿಟ್ಟು, ಎಂಜಿನ್ ಪರೀಕ್ಷೆಗೆಂದು ಹೇಮಾವತಿಯ ಹಿನ್ನೀರಿಗೆ ಇಳಿಸಿದೆ. ವೇಗವಾಗಿ ಓಡುತ್ತಿದ್ದಷ್ಟು ಹೊತ್ತು ಏನೂ ತಿಳಿಯಲಿಲ್ಲ. ಎಂಜಿನ್ ನಿಲ್ಲಿಸಿ ಕಾರ್ಬ್ಯುರೇಟರ್ ನೋಡುತ್ತಿದ್ದಾಗ ಜೊತೆಗಿದ್ದ ಹುಡುಗ, "ಅಣ್ಣಾ, ಪೆಟ್ರೋಲ್ ಟ್ಯಾಂಕ್ ತಾನಾಗೇ ಜರುಗ್ತಾ ಇದೆ" ಎಂದ. ನೆಲದ ಹಲಗೆಯ ಮೇಲಕ್ಕೆ ಬಂದಿದ್ದ ನೀರಿನಲ್ಲಿ ಟ್ಯಾಂಕು ತೇಲತೊಡಗಿತ್ತು. ಬ್ಯಾಟರಿ ಪೆಟ್ಟಿಗೆಯ ಹಿಂದೆ ಮೊಳಕೈಯವರೆಗೆ ಕೈ ಹಾಕಿ ತಡಕಿ, ತೂತು ಸಿಕ್ಕಿದ ಕೂಡಲೇ ಹೆಬ್ಬೆರಳನ್ನು ಒತ್ತಿ ಹಿಡಿದೆ. ನೀರು ನಿಂತಿತು. ಹುಡುಗ ಬಕೆಟ್ಟಿನಲ್ಲಿ ನೀರು ಚೆಲ್ಲಿದ. ಆಮೇಲೆ ಹೆಬ್ಬೆರಳಿನ ಜಾಗಕ್ಕೆ ಬಟ್ಟೆಯ ಉಂಡೆಯೊಂದನ್ನು ತುರುಕಿ ದಡ ಸೇರಿದೆವು.

ಆ ಹೆಬ್ಬೆರಳಿನ ವಿಷಯವನ್ನು ನಾನು ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. 25 ಮಿಲಿಮೀಟರ್ ಅಗಲದ ತೂತು ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿದ್ದರೆ ಆರಂಭದಲ್ಲಿ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳನುಗ್ಗುತ್ತದೆ. ಹತ್ತು ನಿಮಿಷ ಸುಮ್ಮನಿದ್ದರೆ ಆರು ಜನರ ತೂಕದಷ್ಟು ನೀರು ಬೋಟಿನ ಹಿಂಭಾಗದಲ್ಲಿ ಕೂತಿರುತ್ತದೆ. ಆದರೆ ಆ ತೂತಿನ ಮೇಲೆ ನೀರು ಒತ್ತುವ ಬಲ ಸುಮಾರು 150 ಗ್ರಾಂ ತೂಕದಷ್ಟೇ. ಒಂದು ಬೆರಳು, ಒಂದು ಚೂಪು ಮಾಡಿದ ಮರದ ತುಂಡು, ಬಿಗಿಯಾಗಿ ಸುತ್ತಿದ ಟವೆಲಿನ ತುದಿ ಅದನ್ನು ತಡೆಯಬಲ್ಲದು. ಹೀಗಾಗಿ ತೂತಿನ ಬಳಿಗೆ ಕೈ ಹೋಗುತ್ತದೆಯೇ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ನಾನು ನೋಡುವ ಎಷ್ಟೋ ಬೋಟುಗಳಲ್ಲಿ ಅದರ ಮುಂದೆ ಬ್ಯಾಟರಿ, ಲಂಗರಿನ ಹಗ್ಗ, ಹಳೆಯ ಲೈಫ್ ಜಾಕೆಟ್ಟುಗಳ ರಾಶಿ ಬಿದ್ದಿರುತ್ತದೆ. ಅಲ್ಲಿ ಒಂದು ಕೈ ಸಲೀಸಾಗಿ ಹೋಗುವಷ್ಟು ದಾರಿಯನ್ನು ಯಾವಾಗಲೂ ಖಾಲಿ ಬಿಡಬೇಕು.

ಪಂಪ್ ಇದೆಯಲ್ಲ ಎಂದು ಕೆಲವರು ಧೈರ್ಯದಿಂದಿರುತ್ತಾರೆ. ಸಣ್ಣ ಬೋಟುಗಳಿಗೆ ಹಾಕುವ ಬಿಲ್ಜ್ ಪಂಪಿನ, ಅಂದರೆ ತಳದಲ್ಲಿ ನಿಂತ ನೀರನ್ನು ಹೊರಹಾಕುವ ಪಂಪಿನ, ಮೇಲೆ ಗಂಟೆಗೆ 1900 ಲೀಟರ್ ಎಂದು ಬರೆದಿದ್ದರೆ ಅದು ನಿಮಿಷಕ್ಕೆ 32 ಲೀಟರೂ ಆಗುವುದಿಲ್ಲ. ಪೈಪಿನ ಎತ್ತರ ಮತ್ತು ಇಳಿದ ಬ್ಯಾಟರಿಯನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆ. ಆ ಪಂಪು ತೆರೆದ ತೂತಿಗೆ ಸಮನಾಗಲಾರದು, ಸ್ವಲ್ಪ ಸಮಯವನ್ನು ಮಾತ್ರ ಕೊಡುತ್ತದೆ. ಆ ಸಮಯಕ್ಕೂ ಬೆಲೆಯಿದೆ, ಆದ್ದರಿಂದ ನೀರು ಏರಿದೊಡನೆ ಪಂಪನ್ನು ತಾನಾಗಿ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

ಬೋಟು ವೇಗವಾಗಿ ಓಡುವಾಗ ಹಿಂಬದಿಯ ಹಲಗೆಯ ಬೆನ್ನಿಗೆ ನೀರಿನ ಒತ್ತಡ ತಗ್ಗುವುದರಿಂದ ಒಳಗಿನ ನೀರು ಆ ತೂತಿನಿಂದಲೇ ಹೊರಗೆ ಹೋಗುತ್ತದೆ. ಇದನ್ನೇ ನಂಬಿ "ಓಡಿಸಿಕೊಂಡು ಬಂದರೆ ಸಾಕು" ಎನ್ನುವವರಿದ್ದಾರೆ. ಇಬ್ಬರೇ ಇರುವ ಹಗುರ ಬೋಟಿನಲ್ಲಿ, ಬೇಗ ಗೊತ್ತಾದರೆ, ಈ ಉಪಾಯ ಫಲಿಸಬಹುದು. ಎಂಟು ಜನರನ್ನು ಹೊತ್ತ ಬೋಟು ಆ ವೇಗವನ್ನೇ ಮುಟ್ಟುವುದಿಲ್ಲ, ನೀರು ತುಂಬಿ ಭಾರವಾದ ಮೇಲಂತೂ ಸಾಧ್ಯವೇ ಇಲ್ಲ. ಓಡುವಾಗ ಅಡಗಿದ್ದ ಅಪಾಯ ಹೊರಬರುವುದು ನಿಲ್ಲಿಸಿದಾಗ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳನ್ನು ತೋರಿಸಲು ಚಾಲಕರು ಎಂಜಿನ್ ಆರಿಸಿ ಹತ್ತು ನಿಮಿಷ ನಿಲ್ಲುತ್ತಾರೆ. ದಡದಿಂದ ದೂರವಿರುವ ಆ ಹತ್ತು ನಿಮಿಷವೇ ಎಲ್ಲಕ್ಕಿಂತ ಕೆಟ್ಟ ಹೊತ್ತು. ಆಗ ಕಾಲಿಗೆ ನೀರು ತಾಗಿದರೆ, ಎಲ್ಲರ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಿ, ಹಿಂದೆ ಕೂತವರನ್ನು ಒಬ್ಬೊಬ್ಬರನ್ನಾಗಿ, ಬಗ್ಗಿದ ಭಂಗಿಯಲ್ಲಿಯೇ, ಮುಂದಕ್ಕೆ ಕಳಿಸಬೇಕು. ಹಿಂಭಾಗ ಹಗುರವಾಗಿ ಮೇಲೆದ್ದಷ್ಟೂ ಒಳಬರುವ ನೀರು ಕಡಿಮೆಯಾಗುತ್ತದೆ. ಹೊರಗಿನಿಂದ ಮುಚ್ಚಲು ಯಾರನ್ನೂ ಆಳದ ನೀರಿಗೆ ಇಳಿಸಬೇಡಿ.

ಮರೆಯದಿರುವುದಕ್ಕೆ ನಾನು ಕಂಡುಕೊಂಡ ದಾರಿ ಒಂದೇ: ಬಿರಡೆ ಮತ್ತು ಎಂಜಿನ್ನಿನ ಬೀಗದ ಕೈ ಒಂದೇ ಬಳೆಯಲ್ಲಿರಬೇಕು. ಬಿರಡೆ ಹಾಕದೆ ಬೀಗದ ಕೈ ಬಿಡಿಯಾಗಿ ಕೈಗೆ ಬರುವಂತಿರಬಾರದು. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ ಆದರೆ ಬಿರಡೆಯನ್ನು ಆ ಹಗ್ಗದ ಹಿಡಿಗೇ ಕಟ್ಟಬಹುದು. ಇನ್ನೊಂದು ಬಿರಡೆಯನ್ನು ತೂತಿನಿಂದ ಒಂದು ಮಾರು ದೂರದೊಳಗೆ ದಾರದಲ್ಲಿ ನೇತುಹಾಕಿರಬೇಕು. ಕೆಲವು ಬೋಟುಗಳಲ್ಲಿ ಎರಡು ತೂತುಗಳಿರುತ್ತವೆ, ಎರಡಕ್ಕೂ ಇದೇ ಕ್ರಮ. ಇಷ್ಟಾದ ಮೇಲೂ ಬೋಟಿನ ಹಿಂಭಾಗ ನೀರಿಗಿಳಿದ ನಂತರ, ಟ್ರೈಲರಿನ ಪಟ್ಟಿ ಬಿಚ್ಚುವ ಮೊದಲು, ಎರಡು ನಿಮಿಷ ಕಾದು ನೆಲದ ಹಲಗೆಯ ಕೆಳಗೆ ಇಣುಕಬೇಕು. ಬಿರಡೆ ಇದ್ದೂ ಅದರ ರಬ್ಬರ್ ವಾಷರ್ ಒಣಗಿ ಸೀಳಿದ್ದರೆ ಅದೂ ಅಲ್ಲಿಯೇ ಕಾಣಿಸುತ್ತದೆ.

ನೀರು ತುಂಬಿದ ಬೋಟನ್ನು ದಡಕ್ಕೆ ತಂದವರು ಒಡನೆಯೇ ಎಂಜಿನ್ ಅಥವಾ ಪಂಪಿನ ಸ್ವಿಚ್ ಒತ್ತಬಾರದು. ಟ್ಯಾಂಕು ಅಲುಗಾಡಿ ಚೆಲ್ಲಿದ ಪೆಟ್ರೋಲಿನ ಆವಿ ತಳದಲ್ಲಿ ನಿಂತಿರುತ್ತದೆ. ಗಾಳಿಯಾಡಲು ಬಿಟ್ಟು, ಬ್ಯಾಟರಿಯ ತಂತಿ ಬಿಚ್ಚಿ, ತೂತಿನಿಂದ ನೀರು ಪೂರ್ತಿ ಇಳಿಯಲು ಬೋಟಿನ ಮೂತಿಯನ್ನು ಎತ್ತಿ ನಿಲ್ಲಿಸಬೇಕು. ಹಳೆಯ ಬೋಟುಗಳ ನೆಲದ ಕೆಳಗಿರುವ ಫೋಮು ನೀರು ಕುಡಿದು ತಿಂಗಳುಗಟ್ಟಲೆ ಬಿಡುವುದಿಲ್ಲ. ಒಣಗಿಸಿದ ಮೇಲೂ ಬೋಟು ಮೊದಲಿಗಿಂತ ಆಳಕ್ಕೆ ಕೂರುತ್ತಿದ್ದರೆ ನೆಲದ ಹಲಗೆಯನ್ನು ಬಿಚ್ಚಿಸಿ ನೋಡಬೇಕು, ಅಲ್ಲಿಯವರೆಗೆ ಅದಕ್ಕೆ ಯಾರನ್ನೂ ಹತ್ತಿಸಬಾರದು.